ಪರೀಕ್ಷೆಗೆ ಕೂರುವ ಚಿಪ್‌ಗೆ ಯಾವ ಬೋರ್ಡ್? ಬ್ರೆಡ್‌ಬೋರ್ಡ್, ಡಾಟ್ ಬೋರ್ಡ್, ಸ್ವಂತ ಪಿಸಿಬಿ: ಒಂದು ಹೋಲಿಕೆ

ಒಂದು ಭಾನುವಾರ ಮಂಡ್ಯದಿಂದ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಬೆಳಗಿನ ರೈಲಿಗೆ ಮೈಸೂರಿಗೆ ಬಂದ. ಸ್ಟೇಷನ್ನಿಂದ ನೇರ ನಮ್ಮ ಮನೆಗೆ. ಬ್ಯಾಗಿನಲ್ಲಿ ಟವೆಲ್ಲಿನಲ್ಲಿ ಸುತ್ತಿದ ಬ್ರೆಡ್‌ಬೋರ್ಡ್, ಅಂದರೆ ಬೆಸುಗೆ ಇಲ್ಲದೆ ವೈರ್ ಚುಚ್ಚಿ ಸರ್ಕ್ಯೂಟ್ ಕಟ್ಟುವ ಹಲಗೆ. ಅದರ ಮೇಲೆ ಒಂದು ಎಟಿಮೆಗಾ328ಪಿ ಚಿಪ್, ಸುತ್ತಲೂ ಇಪ್ಪತ್ತು ಜಂಪರ್ ವೈರ್.

"ಸಾರ್, ಪಾಠದಲ್ಲಿ ಇರೋ ಹಾಗೇ ಎಲ್ಲಾ ಮಾಡಿದ್ದೀನಿ. ಮೂರು ವಾರ ಆಯ್ತು. ಕೀ ಮಾತ್ರ ಬರ್ತಿಲ್ಲ" ಅಂದ.

ಚಿಪ್ ಎಳೆಯುವ ಕರೆಂಟ್ ಅಳೆದು, ಅದರೊಳಗೆ ಬಚ್ಚಿಟ್ಟಿರುವ ಗುಟ್ಟಿನ ಕೀಯನ್ನು ಹೊರಗೆ ತೆಗೆಯುವ ಪಾಠ ಅದು. ಅವನ ಕೋಡ್ ಸರಿ ಇತ್ತು. ಚಿಪ್ ಸರಿ ಇತ್ತು. ಕಾಲೇಜಿನಿಂದ ತಂದಿದ್ದ, ಚಿಪ್‌ವಿಸ್ಪರರ್ ಅನ್ನುವ ಅಳೆಯುವ ಯಂತ್ರ ಕೂಡ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಚಿಪ್ ಕೂತಿದ್ದ ಜಾಗ ಸರಿ ಇರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಅದೇ ಚಿಪ್ಪನ್ನು ಒಂದು ಡಾಟ್ ಬೋರ್ಡ್‌ಗೆ, ಅಂದರೆ ತೂತುಗಳಿರುವ ಬೆಸುಗೆಯ ಬೋರ್ಡ್‌ಗೆ, ಸಾಗಿಸಿದೆವು. ಅವನು ಸಂಜೆ ವಾಪಸ್ ರೈಲು ಹತ್ತುವ ಮೊದಲೇ ಎಇಎಸ್ ಅನ್ನುವ ಗೂಢಲಿಪಿಯ 16 ಬೈಟಿನ ಕೀ ಪೂರ್ತಿ ಸ್ಕ್ರೀನ್ ಮೇಲೆ ಬಂತು.

ಆ ಮೂರು ವಾರ ನನ್ನ ಮನಸ್ಸಿನಲ್ಲೇ ಉಳಿಯಿತು. ನಮ್ಮ ಕಡೆಯ ಎಷ್ಟೋ ಮಕ್ಕಳು ಇಂಥ ಜಾಗದಲ್ಲೇ ಸೋತು ಕೈಬಿಡುತ್ತಾರೆ. ಇದಕ್ಕೆಲ್ಲ ಬೆಂಗಳೂರಿನ ದೊಡ್ಡ ಲ್ಯಾಬೇ ಬೇಕು ಅಂದುಕೊಳ್ಳುತ್ತಾರೆ. ಬೇಕಾಗಿಲ್ಲ. ಯಾವ ಕೆಲಸಕ್ಕೆ ಯಾವ ಬೋರ್ಡ್ ಅನ್ನುವುದು ಗೊತ್ತಿದ್ದರೆ ಮನೆಯ ಮೇಜಿನ ಮೇಲೇ ತುಂಬಾ ದೂರ ಹೋಗಬಹುದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೆಲಸ ಯಾವುದು ಅಂತ ನೋಡಿ

ಹಾರ್ಡ್‌ವೇರ್ ಭದ್ರತೆಯ ಪರೀಕ್ಷೆ ಅಂದರೆ ಒಂದೇ ಕೆಲಸ ಅಲ್ಲ. ಬೋರ್ಡ್‌ನ ಆಯ್ಕೆ ಕೆಲಸದ ಮೇಲೆ ನಿಂತಿದೆ.

ಸುಲಭದ್ದು, ಚಿಪ್ ಜೊತೆ ಮಾತಾಡುವುದು. ಸೀರಿಯಲ್ ಪೋರ್ಟ್ ಹುಡುಕುವುದು, ಎಸ್‌ಪಿಐ ಫ್ಲ್ಯಾಶ್ ಅನ್ನುವ ಮೆಮೊರಿ ಓದುವುದು, ಡೀಬಗ್ ಪಿನ್ ತೆರೆದಿದೆಯಾ ಅಂತ ನೋಡುವುದು. ಇದಕ್ಕೆ ಯಾವ ಬೋರ್ಡ್ ಆದರೂ ನಡೆಯುತ್ತದೆ.

ಎರಡನೆಯದು ಪವರ್ ಅಳತೆ. ಚಿಪ್ ಲೆಕ್ಕ ಮಾಡುವಾಗ ಅದು ಎಳೆದುಕೊಳ್ಳುವ ಕರೆಂಟ್ ಕ್ಷಣಕ್ಷಣಕ್ಕೂ ಸ್ವಲ್ಪ ಏರಿಳಿಯುತ್ತದೆ. ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಅನ್ನುವುದು ಒಳಗೆ ಓಡಾಡುವ ಡೇಟಾದ ಮೇಲೂ ನಿಂತಿರುತ್ತದೆ. ಹಾಗಾಗಿ ಈ ಏರಿಳಿತವನ್ನು ಸಾಕಷ್ಟು ಸಲ ಅಳೆದು ಲೆಕ್ಕ ಹಾಕಿದರೆ ಕೀ ಹೊರಗೆ ಬರುತ್ತದೆ. ಪಾಲ್ ಕೋಚರ್, ಜೋಶುವಾ ಜಾಫಿ, ಬೆಂಜಮಿನ್ ಜುನ್ 1999ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ದಾರಿ ಎಲ್ಲರಿಗೂ ಗೊತ್ತಾಯಿತು.

ಮೂರನೆಯದು ಗ್ಲಿಚ್. ಸರಿಯಾದ ಕ್ಷಣಕ್ಕೆ ಚಿಪ್‌ನ ವೋಲ್ಟೇಜನ್ನು ಒಂದು ಚಿಟಿಕೆ ಹೊತ್ತು ಕೆಳಗೆ ಎಳೆದರೆ ಅದು ಒಂದು ಸೂಚನೆಯನ್ನು ತಪ್ಪಾಗಿ ನಡೆಸುತ್ತದೆ. "ಪಾಸ್‌ವರ್ಡ್ ಸರಿ ಇದೆಯಾ" ಅನ್ನುವ ಪರೀಕ್ಷೆಯನ್ನೇ ದಾಟಿ ಹೋಗಬಹುದು. 2018ರ ಡಿಸೆಂಬರ್‌ನಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಟ್ರೆಜರ್ ಒನ್ ಅನ್ನುವ ಕ್ರಿಪ್ಟೋ ವಾಲೆಟ್‌ನ ಎಸ್‌ಟಿಎಂ32ಎಫ್205 ಚಿಪ್ಪನ್ನು ಹೀಗೇ ಮಣಿಸಿ ತೋರಿಸಿದರು.

ಈ ಎರಡು ಮತ್ತು ಮೂರನೇ ಕೆಲಸದಲ್ಲಿ ನೀವು ಕೇಳಬೇಕಾದ ಪ್ರಶ್ನೆ ಒಂದೇ. ಚಿಪ್‌ನ ಪವರ್ ಪಿನ್ನಿಂದ ನೀವು ಅಳೆಯಲು ಹಿಡಿಯುವ ಪ್ರೋಬ್‌ವರೆಗೆ, ಅಲ್ಲಿಂದ ಗ್ರೌಂಡ್ ಮೂಲಕ ವಾಪಸ್ ಬರುವ ದಾರಿ ಎಷ್ಟು ಉದ್ದ? ಬೋರ್ಡ್ ನೋಡಲು ಚೆನ್ನಾಗಿದೆಯಾ, ಬೆಲೆ ಎಷ್ಟು ಅನ್ನುವುದೆಲ್ಲ ಆಮೇಲಿನ ಮಾತು.

ಬ್ರೆಡ್‌ಬೋರ್ಡ್: ಜನ ಬೈಯುವುದು ಒಂದಕ್ಕೆ, ಕಾಡುವುದು ಇನ್ನೊಂದು

ನೂರರ ಆಸುಪಾಸಿನಲ್ಲಿ ಸಿಗುತ್ತದೆ. ಬೆಸುಗೆ ಬೇಡ. ತಪ್ಪಾದರೆ ವೈರ್ ಕಿತ್ತು ಬೇರೆ ಕಡೆ ಚುಚ್ಚಿದರೆ ಆಯ್ತು. ಸರ್ಕ್ಯೂಟ್ ಸರಿಯಾಗಿದೆಯಾ, ಚಿಪ್ ಎದ್ದು ಸೀರಿಯಲ್‌ನಲ್ಲಿ ಉತ್ತರ ಕೊಡುತ್ತದಾ ಅಂತ ನೋಡಲು ಇದಕ್ಕಿಂತ ಒಳ್ಳೆಯದು ಇಲ್ಲ. ನಾನು ಈಗಲೂ ಹೊಸ ಚಿಪ್ಪನ್ನು ಮೊದಲು ಎಬ್ಬಿಸುವುದು ಬ್ರೆಡ್‌ಬೋರ್ಡ್ ಮೇಲೆಯೇ.

"ಬ್ರೆಡ್‌ಬೋರ್ಡ್‌ನ ಸಾಲುಗಳ ಮಧ್ಯೆ ಕೆಪಾಸಿಟೆನ್ಸ್ ಇರುತ್ತೆ, ಅದಕ್ಕೇ ಪವರ್ ಅಳತೆ ಕೆಡುತ್ತೆ" ಅನ್ನುವ ಮಾತು ಕೇಳಿರುತ್ತೀರಿ. ಲೆಕ್ಕ ಹಾಕಿ ನೋಡೋಣ. ಆ ಕೆಪಾಸಿಟೆನ್ಸ್ ಕೆಲವೇ ಪಿಕೋಫ್ಯಾರಡ್. ಧಾರಾಳವಾಗಿ 20 ಅಂತ ಇಟ್ಟುಕೊಳ್ಳಿ. ಪವರ್ ದಾರಿಯಲ್ಲಿ ಕರೆಂಟ್ ಅಳೆಯಲೆಂದು 47 ಓಮ್ ರೆಸಿಸ್ಟರ್ ಇದೆ ಅಂದುಕೊಳ್ಳಿ. ಎರಡೂ ಸೇರಿ ಸಿಗ್ನಲ್ ಮಸುಕಾಗುವುದು ಸುಮಾರು 170 ಮೆಗಾಹರ್ಟ್ಜ್ ಮೇಲೆ. ನಮ್ಮ ಎಟಿಮೆಗಾ ಓಡುವುದು 7.37 ಮೆಗಾಹರ್ಟ್ಜ್‌ನಲ್ಲಿ. ಅಂದರೆ ಆ ಕೆಪಾಸಿಟೆನ್ಸ್ ನಮ್ಮನ್ನು ಮುಟ್ಟುವುದೇ ಇಲ್ಲ.

ಕಾಡುವುದು ವೈರ್‌ನ ಉದ್ದ. ಸಾಮಾನ್ಯ ಲೆಕ್ಕಕ್ಕೆ ಒಂದು ಸೆಂಟಿಮೀಟರ್ ವೈರ್‌ಗೆ 10 ನ್ಯಾನೋಹೆನ್ರಿ ಇಂಡಕ್ಟೆನ್ಸ್. 15 ಸೆಂಟಿಮೀಟರ್ ಜಂಪರ್‌ಗೆ 150. ಚೂಪಾದ ಗ್ಲಿಚ್‌ನಲ್ಲಿರುವ 100 ಮೆಗಾಹರ್ಟ್ಜ್ ಅಂಶಕ್ಕೆ ಇದು ಹತ್ತಿರ ಹತ್ತಿರ 94 ಓಮ್ ರೆಸಿಸ್ಟರ್ ಅಡ್ಡ ಇಟ್ಟ ಹಾಗೆ. ನೀವು ವೋಲ್ಟೇಜನ್ನು ಸರಕ್ಕನೆ ಕೆಳಗೆ ಎಳೆಯಲು ಹೋದರೆ ಅದು ನಿಧಾನಕ್ಕೆ ಜಾರುತ್ತದೆ, ಆಮೇಲೆ ಜೋಕಾಲಿಯ ಹಾಗೆ ತೂಗುತ್ತದೆ. ಇನ್ನು ಉದ್ದದ ಗ್ರೌಂಡ್ ವೈರ್ ಆಂಟೆನಾ ಥರ. ಮನೆಯ ಟ್ಯೂಬ್‌ಲೈಟ್, ಫೋನ್ ಚಾರ್ಜರ್, ಲ್ಯಾಪ್‌ಟಾಪ್ ಅಡಾಪ್ಟರ್, ಎಲ್ಲದರ ಗದ್ದಲವನ್ನೂ ಹಿಡಿದು ತರುತ್ತದೆ.

ಇನ್ನೊಂದು ತೊಂದರೆ ಹಿಡಿತದ್ದು. ಹಳೆಯ ಬ್ರೆಡ್‌ಬೋರ್ಡ್‌ನಲ್ಲಿ ಒಳಗಿನ ಕ್ಲಿಪ್ ಸಡಿಲ ಆಗಿರುತ್ತದೆ. ಮೇಜು ಅಲ್ಲಾಡಿದರೆ ರೆಸಿಸ್ಟೆನ್ಸ್ ಬದಲಾಗುತ್ತದೆ. ಸಾವಿರ ಸಲ ಅಳೆದು ಸರಾಸರಿ ನೋಡುವ ಕೆಲಸದಲ್ಲಿ ಇದು ವಿಷ. ಒಂದು ಗಂಟೆಯ ಅಳತೆ ಪೂರ್ತಿ ವ್ಯರ್ಥ ಆಗುತ್ತದೆ, ಯಾಕೆ ಅಂತ ಗೊತ್ತೂ ಆಗುವುದಿಲ್ಲ. ಪವರ್ ಸಾಲು ಕೆಲವು ಬೋರ್ಡ್‌ಗಳಲ್ಲಿ ಮಧ್ಯಕ್ಕೆ ತುಂಡಾಗಿರುತ್ತದೆ ಅನ್ನುವುದನ್ನೂ ಮರೆಯಬೇಡಿ. ಮಲ್ಟಿಮೀಟರ್ ಹಿಡಿದು ಒಂದು ಸಲ ನೋಡಿಕೊಳ್ಳಿ.

ಆ ಮಂಡ್ಯದ ಹುಡುಗನ ಬೋರ್ಡ್‌ನಲ್ಲಿ ಮಾತ್ರ ಇದಕ್ಕಿಂತ ದೊಡ್ಡ ಕಾರಣ ಒಂದಿತ್ತು. ಅವನು ಆರ್ಡುಯಿನೋ ಸರ್ಕ್ಯೂಟ್ ನೋಡಿ ಕಟ್ಟಿದ್ದ. ಅಲ್ಲಿ ಚಿಪ್‌ನ ಪಕ್ಕ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಇರುತ್ತದೆ, ಇವನೂ ಹಾಕಿದ್ದ. ಪಾಠ ಹೇಳುವ ಒಳ್ಳೆಯ ಅಭ್ಯಾಸ ಅದು. ಆದರೆ ಆ ಕೆಪಾಸಿಟರ್ ಕೆಲಸವೇ ಕರೆಂಟ್‌ನ ಏರಿಳಿತವನ್ನು ಮುಚ್ಚುವುದು. ನಾವು ನೋಡಬೇಕಾಗಿರುವುದು ಅದೇ ಏರಿಳಿತ. 47 ಓಮ್ ಜೊತೆ 100 ನ್ಯಾನೋಫ್ಯಾರಡ್ ಸೇರಿದರೆ 34 ಕಿಲೋಹರ್ಟ್ಜ್ ದಾಟಿದ್ದೆಲ್ಲ ಅಳಿಸಿ ಹೋಗುತ್ತದೆ. 7.37 ಮೆಗಾಹರ್ಟ್ಜ್ ಎಲ್ಲಿ, 34 ಕಿಲೋಹರ್ಟ್ಜ್ ಎಲ್ಲಿ! ಆ ಕೆಪಾಸಿಟರ್ ಕಿತ್ತ ಕೂಡಲೇ ಅಲೆ ಕಾಣಿಸಿತು. ಗದ್ದಲ ಮಾತ್ರ ಹೋಗಲಿಲ್ಲ. ಅದಕ್ಕೇ ಡಾಟ್ ಬೋರ್ಡ್ ತೆಗೆದದ್ದು.

ಡಾಟ್ ಬೋರ್ಡ್: ನನ್ನ ಮೊದಲ ಶಿಫಾರಸು

ಅಂಗಡಿಯಲ್ಲಿ ಡಾಟ್ ಬೋರ್ಡ್ ಅಂದರೂ ಕೊಡುತ್ತಾರೆ, ಜನರಲ್ ಪರ್ಪಸ್ ಪಿಸಿಬಿ ಅಂದರೂ ಕೊಡುತ್ತಾರೆ, ಜೀರೋ ಪಿಸಿಬಿ ಅಂದರೂ ಕೊಡುತ್ತಾರೆ. 2.54 ಮಿಲಿಮೀಟರ್ ಅಂತರದಲ್ಲಿ ತೂತು, ಒಂದೊಂದು ತೂತಿನ ಸುತ್ತ ತಾಮ್ರದ ಉಂಗುರ. ಎರಡು ಥರ ಬರುತ್ತವೆ. ಕಂದು ಬಣ್ಣದ್ದು ಅಗ್ಗ, ಆದರೆ ಎರಡು ಸಲ ಬಿಸಿ ಮಾಡಿದರೆ ಉಂಗುರ ಎದ್ದು ಬರುತ್ತದೆ. ಹಸಿರು ಬಣ್ಣದ ಗ್ಲಾಸ್ ಎಪಾಕ್ಸಿಯದ್ದು, ಎರಡೂ ಕಡೆ ಉಂಗುರ ಇರುವಂಥದ್ದನ್ನು ತೆಗೆದುಕೊಳ್ಳಿ. ಈ ಕೆಲಸದಲ್ಲಿ ರೆಸಿಸ್ಟರ್ ಬದಲಿಸುತ್ತಲೇ ಇರುತ್ತೀರಿ. ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಕೊಟ್ಟಿದ್ದಕ್ಕೆ ಆಮೇಲೆ ಖುಷಿ ಪಡುತ್ತೀರಿ.

ನಾವು ಆ ಭಾನುವಾರ ಕಟ್ಟಿದ್ದನ್ನೇ ವಿವರವಾಗಿ ಹೇಳುತ್ತೇನೆ. ಎಟಿಮೆಗಾ328ಪಿ ಈ ಕಲಿಕೆಗೆ ತುಂಬಾ ಒಳ್ಳೆಯ ಚಿಪ್. 28 ಕಾಲಿನ ಉದ್ದ ಪ್ಯಾಕೇಜ್‌ನಲ್ಲಿ ಸಿಗುತ್ತದೆ, ಹಾಗಾಗಿ ಡಾಟ್ ಬೋರ್ಡ್‌ಗೆ ಸಲೀಸಾಗಿ ಕೂರುತ್ತದೆ. ಒಳಗೆ ಬೇರೆ ವೋಲ್ಟೇಜ್ ರೆಗ್ಯುಲೇಟರ್ ಇಲ್ಲ, ಆದ್ದರಿಂದ ಹೊರಗಿನ ಪಿನ್‌ನಲ್ಲೇ ಒಳಗಿನ ಏರಿಳಿತ ಕಾಣಿಸುತ್ತದೆ.

ಮೊದಲು ಐಸಿ ಬೇಸ್. ತಗಡಿನ ಎಲೆಯಂಥ ಹಿಡಿಕೆ ಇರುವ ಅಗ್ಗದ ಬೇಸ್ ಬೇಡ. ದುಂಡು ಪಿನ್ನಿನ ಬೇಸ್ ತನ್ನಿ, ಹಿಡಿತ ಗಟ್ಟಿ. 8 ಮತ್ತು 22ನೇ ಪಿನ್ ಎರಡೂ ಗ್ರೌಂಡ್. ಎರಡನ್ನೂ ಬೋರ್ಡ್ ಕೆಳಗೆ ದಪ್ಪ ಬರಿ ತಾಮ್ರದ ತಂತಿಯಿಂದ ಸೇರಿಸಿ. ಆ ತಂತಿಯನ್ನು ಚಿಪ್‌ನ ಸುತ್ತ ಒಂದು ಚೌಕದ ಹಾಗೆ ಓಡಿಸಿ, ಮಧ್ಯೆ ಎರಡು ಅಡ್ಡ ತಂತಿ ಹಾಕಿ. ಜಾಲರಿಯಂಥ ಈ ಗ್ರೌಂಡ್ ಸಾಕಷ್ಟು ಕೆಲಸ ಮಾಡುತ್ತದೆ.

7ನೇ ಪಿನ್ ಪವರ್, 20ನೇ ಪಿನ್ ಅನಲಾಗ್ ಪವರ್. ಇಲ್ಲಿ ತುಂಬಾ ಜನ ಎಡವುತ್ತಾರೆ. 7ಕ್ಕೆ ಮಾತ್ರ ಅಳತೆಯ ರೆಸಿಸ್ಟರ್ ಹಾಕಿ, 20ನ್ನು ನೇರ ಸಪ್ಲೈಗೆ ಕೊಡುತ್ತಾರೆ. ಆಗ ಒಂದಿಷ್ಟು ಕರೆಂಟ್ ಅಳತೆಗೆ ಸಿಗದೆ ಹಿಂಬಾಗಿಲಿಂದ ಹೋಗುತ್ತದೆ. ಎರಡೂ ಪಿನ್ನನ್ನು ಒಟ್ಟು ಸೇರಿಸಿ, ಆಮೇಲೆ ಒಂದೇ ರೆಸಿಸ್ಟರ್ ಮೂಲಕ ಸಪ್ಲೈಗೆ ಕೊಡಿ. ಆ ರೆಸಿಸ್ಟರ್ 7ನೇ ಪಿನ್ನಿಂದ ಒಂದು ಸೆಂಟಿಮೀಟರ್ ಒಳಗೆ ಇರಲಿ. ಚಿಪ್ ಕಡೆ ಕೆಪಾಸಿಟರ್ ಬೇಡ. ಸಪ್ಲೈ ಕಡೆ ಮಾತ್ರ 10 ಮೈಕ್ರೋಫ್ಯಾರಡ್ ಒಂದು, 100 ನ್ಯಾನೋಫ್ಯಾರಡ್ ಒಂದು ಧಾರಾಳವಾಗಿ ಹಾಕಿ. ಹೊರಗಿನ ಗದ್ದಲ ಅಲ್ಲೇ ನಿಲ್ಲುತ್ತದೆ.

ರೆಸಿಸ್ಟರ್ ಎಷ್ಟಿರಬೇಕು? ಚಿಪ್ ಎಷ್ಟು ಕರೆಂಟ್ ಕುಡಿಯುತ್ತದೆ ಅನ್ನುವುದನ್ನು ನೋಡಿ. 3.3 ವೋಲ್ಟ್‌ನಲ್ಲಿ ಈ ವೇಗಕ್ಕೆ ಎಟಿಮೆಗಾ ಸುಮಾರು 3 ಮಿಲಿಆಂಪ್ ಎಳೆಯುತ್ತದೆ. 47 ಓಮ್ ಹಾಕಿದರೆ 0.14 ವೋಲ್ಟ್ ಇಳಿಯುತ್ತದೆ, ಚಿಪ್‌ಗೆ ಏನೂ ಆಗುವುದಿಲ್ಲ. ಅದೇ 47 ಓಮ್ಮನ್ನು 30 ಮಿಲಿಆಂಪ್ ಎಳೆಯುವ ಎಸ್‌ಟಿಎಂ32ಕ್ಕೆ ಹಾಕಿದರೆ 1.4 ವೋಲ್ಟ್ ಹೋಗಿ ಚಿಪ್ ಮಲಗಿಬಿಡುತ್ತದೆ. ಅದಕ್ಕೆ 10 ಓಮ್ ಸಾಕು.

ಚಿಪ್‌ವಿಸ್ಪರರ್ ಇದ್ದರೆ ಕ್ರಿಸ್ಟಲ್ ಬೇಡ. ಅದರ ಕ್ಲಾಕನ್ನೇ 9ನೇ ಪಿನ್‌ಗೆ ಕೊಡಿ. ಅಳೆಯುವ ಯಂತ್ರ ಮತ್ತು ಚಿಪ್ ಒಂದೇ ತಾಳಕ್ಕೆ ನಡೆಯುತ್ತವೆ, ಟ್ರೇಸ್‌ಗಳು, ಅಂದರೆ ಒಂದೊಂದು ಸಲದ ಅಳತೆಯ ಗೆರೆಗಳು, ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಹೊರಗಿನ ಕ್ಲಾಕ್‌ಗೆ ಫ್ಯೂಸ್ (ಚಿಪ್ ಒಳಗಿನ ಸೆಟ್ಟಿಂಗ್) ಬದಲಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ. ಬದಲಿಸಿದ ಮೇಲೆ ಕ್ಲಾಕ್ ಇಲ್ಲದಿದ್ದರೆ ಪ್ರೋಗ್ರಾಮರ್‌ಗೂ ಚಿಪ್ ಉತ್ತರ ಕೊಡುವುದಿಲ್ಲ. ಚಿಪ್ ಸತ್ತೇ ಹೋಯಿತು ಅಂತ ಗಾಬರಿ ಆಗುತ್ತದೆ. ಸತ್ತಿರುವುದಿಲ್ಲ, ಕ್ಲಾಕ್ ಕೊಟ್ಟರೆ ಏಳುತ್ತದೆ.

ಸೀರಿಯಲ್ ವೈರ್‌ಗಳಿಗೆ ಒಂದೊಂದು ಕಿಲೋಓಮ್ ರೆಸಿಸ್ಟರ್ ಸರಣಿಯಲ್ಲಿ ಹಾಕಿ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಚಿಪ್‌ನ ಇಂಥ ಪಿನ್‌ಗಳಲ್ಲಿ ರಕ್ಷಣೆಯ ಡಯೋಡ್ ಇರುತ್ತದೆ. ಪವರ್ ಪಿನ್ನನ್ನು ನೀವು ಕೆಳಗೆ ಎಳೆದರೂ ಸೀರಿಯಲ್ ವೈರ್‌ನ 3.3 ವೋಲ್ಟ್ ಆ ಡಯೋಡ್ ದಾಟಿ ಚಿಪ್ಪನ್ನು ಜೀವಂತ ಇಡುತ್ತದೆ. ಗ್ಲಿಚ್ ಮಾಡುವವರು ಇದೊಂದೇ ಕಾರಣಕ್ಕೆ ದಿನಗಟ್ಟಲೆ ಅಲೆದಿದ್ದನ್ನು ನಾನು ನೋಡಿದ್ದೇನೆ. ನಾನೂ ಅಲೆದಿದ್ದೇನೆ.

ಅಳತೆ ಹೊರಗೆ ತರಲು ಎಸ್‌ಎಂಎ ಅನ್ನುವ ಸಣ್ಣ ಕೇಬಲ್ ಕನೆಕ್ಟರ್ ಒಂದನ್ನು ಬೆಸೆಯಿರಿ. ಡಾಟ್ ಬೋರ್ಡ್‌ನ ತೂತಿಗೆ ಅದರ ಕಾಲು ಸರಿಯಾಗಿ ಹೊಂದುವುದಿಲ್ಲ, ಅಂಚಿಗೆ ಕೂರಿಸಿ ಬೆಸೆದರೆ ಆಯ್ತು. ಆಸಿಲೋಸ್ಕೋಪ್ ಪ್ರೋಬನ್ನೇ ಬಳಸುವುದಾದರೆ ಅದರ ಮೊಸಳೆ ಕ್ಲಿಪ್ಪಿನ ಗ್ರೌಂಡ್ ವೈರ್ ಕಳಚಿಡಿ. 15 ಸೆಂಟಿಮೀಟರ್‌ನ ಆ ವೈರ್, ಪ್ರೋಬ್‌ನ ತುದಿಯ 12 ಪಿಕೋಫ್ಯಾರಡ್ ಜೊತೆ ಸೇರಿ ಸುಮಾರು 120 ಮೆಗಾಹರ್ಟ್ಜ್‌ನಲ್ಲಿ ತಾನೇ ಗುಂಯ್‌ಗುಡುತ್ತದೆ. ಪ್ರೋಬ್ ಜೊತೆ ಬರುವ ಸಣ್ಣ ಸ್ಪ್ರಿಂಗ್ ಇದೆಯಲ್ಲ, ಅದು ಇದಕ್ಕೇ ಇರುವುದು. ಅಳೆಯುವ ಹೊತ್ತಿಗೆ ಪ್ರೋಗ್ರಾಮರ್ ಕೇಬಲ್ ಕಿತ್ತಿಡಿ, ಲ್ಯಾಪ್‌ಟಾಪನ್ನು ಬ್ಯಾಟರಿ ಮೇಲೆ ಓಡಿಸಿ.

ಇಷ್ಟು ಮಾಡಿದರೆ ಚಿಪ್‌ವಿಸ್ಪರರ್ ಪಾಠದಲ್ಲಿ ಬರುವ 50 ಟ್ರೇಸ್‌ನ ಆಸುಪಾಸಿನಲ್ಲೇ ಕೀ ಬರುತ್ತದೆ ಅಂತ ನಿರೀಕ್ಷೆ ಇಟ್ಟುಕೊಳ್ಳಬಹುದು. 50ಕ್ಕೆ ಬರದಿದ್ದರೆ 500 ತೆಗೆಯಿರಿ. 5000ಕ್ಕೂ ಬರದಿದ್ದರೆ ಟ್ರೇಸ್ ಸಂಖ್ಯೆ ಏರಿಸಬೇಡಿ. ಬೋರ್ಡ್ ತಿರುಗಿಸಿ ಬೆಸುಗೆ ನೋಡಿ.

ಡಾಟ್ ಬೋರ್ಡ್‌ನ ಮಿತಿ ಎಲ್ಲಿ? ಕಾಲುಗಳ ಅಂತರ ಸಣ್ಣದಾದಾಗ. ಎಸ್‌ಟಿಎಂ32ಎಫ್103ರ ಕಾಲುಗಳ ಅಂತರ ಬರೀ 0.5 ಮಿಲಿಮೀಟರ್. ಅದನ್ನು ಅಡಾಪ್ಟರ್ ಇಲ್ಲದೆ ಇಲ್ಲಿ ಕೂರಿಸಲು ಆಗುವುದಿಲ್ಲ.

ತಾಮ್ರದ ಹಾಳೆ

ಕಾಪರ್ ಕ್ಲಾಡ್ ಅಂತ ಕಾಲೇಜಿನ ಮಿನಿ ಪ್ರಾಜೆಕ್ಟ್‌ಗೆ ತಂದು ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದುತ್ತೀರಲ್ಲ, ಅದೇ. ಅದ್ದಬೇಡಿ. ಪೂರ್ತಿ ಹಾಳೆಯನ್ನು ಗ್ರೌಂಡ್ ಅಂತ ಇಟ್ಟುಕೊಳ್ಳಿ. ಅದೇ ಹಾಳೆಯಿಂದ ಉಗುರಿನಷ್ಟು ತುಂಡು ಕತ್ತರಿಸಿ, ಬೇಕಾದ ಜಾಗದಲ್ಲಿ ಅಂಟಿಸಿ, ಆ ತುಂಡುಗಳ ಮೇಲೆ ಬೆಸೆಯಿರಿ. ಚಿಪ್ಪನ್ನು ಬೆನ್ನು ಕೆಳಗೆ ಮಾಡಿ ಮಲಗಿಸಿದರೂ ನಡೆಯುತ್ತದೆ. ನೋಡಲು ಚೆಂದ ಇರುವುದಿಲ್ಲ. ಆದರೆ ಕೆಳಗೆ ಅಖಂಡ ಗ್ರೌಂಡ್ ಇರುವುದರಿಂದ ಗ್ಲಿಚ್ ಕೆಲಸಕ್ಕೆ ಡಾಟ್ ಬೋರ್ಡ್‌ಗಿಂತ ಇದು ಮೇಲು. ಪಿಸಿಬಿ, ಅಂದರೆ ತಾಮ್ರದ ದಾರಿಗಳು ಅಚ್ಚಾಗಿರುವ ಬೋರ್ಡ್, ಮಾಡಿಸುವಷ್ಟು ಸಮಯ ಇಲ್ಲದಿದ್ದಾಗ ನಾನು ಇದನ್ನೇ ಹಿಡಿಯುತ್ತೇನೆ.

ಡೆವಲಪ್‌ಮೆಂಟ್ ಬೋರ್ಡ್: ಕಟ್ಟುವ ಬದಲು ಕೀಳುವ ಕೆಲಸ

ನ್ಯೂಕ್ಲಿಯೋ, ಬ್ಲೂ ಪಿಲ್, ಆರ್ಡುಯಿನೋ ಊನೋ ಥರದ ಬೋರ್ಡ್‌ನಲ್ಲಿ ಚಿಪ್ ಆಗಲೇ ಕೂತಿರುತ್ತದೆ. ಇಲ್ಲಿ ಕೆಲಸ ತಲೆಕೆಳಗು. ಬೇಡದ್ದನ್ನು ತೆಗೆಯಬೇಕು.

ನ್ಯೂಕ್ಲಿಯೋ-64 ನನಗೆ ಇಷ್ಟ. ಚಿಪ್‌ನ ಕರೆಂಟ್ ಅಳೆಯಲೆಂದೇ ಜೆಪಿ6 ಅನ್ನುವ ಜಂಪರ್ ಕೊಟ್ಟಿದ್ದಾರೆ. ಅದನ್ನು ತೆಗೆದು ಅಲ್ಲಿಗೆ 10 ಓಮ್ ಕೂರಿಸಬಹುದು. ಆದರೆ ಜಂಪರ್ ಆದ ಮೇಲೆ ಚಿಪ್ ಪಕ್ಕದಲ್ಲಿ ಕೆಪಾಸಿಟರ್‌ಗಳ ಸಾಲೇ ಇದೆ. ಅವನ್ನು ಒಂದೊಂದಾಗಿ ಎಬ್ಬಿಸಬೇಕು. ಹಾಟ್ ಏರ್ ಇಲ್ಲದಿದ್ದರೆ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಗೆ ಹೋಗಿ. ಆ ಹುಡುಗರ ಕೈ ನಮ್ಮೆಲ್ಲರಿಗಿಂತ ಪಳಗಿರುತ್ತದೆ. ಯಾವುದನ್ನು ತೆಗೆಯಬೇಕು ಅಂತ ಮಾರ್ಕರ್‌ನಲ್ಲಿ ಗುರುತು ಹಾಕಿಕೊಂಡು ಹೋದರೆ ಐದು ನಿಮಿಷದ ಕೆಲಸ.

ಎಸ್‌ಟಿಎಂ32ರ ಎಫ್4 ಸರಣಿಯಲ್ಲಿ ವಿಕ್ಯಾಪ್ ಅನ್ನುವ ಪಿನ್ ಇದೆ. ಒಳಗಿನ ರೆಗ್ಯುಲೇಟರ್ ಮಾಡುವ 1.2 ವೋಲ್ಟ್ ಅಲ್ಲಿ ಹೊರಗೆ ಬಂದು ಕೆಪಾಸಿಟರ್‌ಗೆ ಸೇರುತ್ತದೆ. ಗ್ಲಿಚ್ ಮಾಡುವವರಿಗೆ ಇದು ಬಾಗಿಲು ಇದ್ದ ಹಾಗೆ. ರೆಗ್ಯುಲೇಟರ್ ದಾಟಿ ನೇರ ಒಳಮನೆಗೇ ಹೋಗಬಹುದು. ಆದರೆ ಅಲ್ಲಿರುವ 2.2 ಮೈಕ್ರೋಫ್ಯಾರಡ್‌ನಲ್ಲಿ ತುಂಬಿರುವ ಚಾರ್ಜನ್ನು 100 ನ್ಯಾನೋಸೆಕೆಂಡ್‌ನಲ್ಲಿ ಖಾಲಿ ಮಾಡಲು 26 ಆಂಪ್ ಬೇಕು! ವೋಲ್ಟೇಜ್ ಕೆಳಗೆ ಎಳೆಯುವ ಸ್ವಿಚ್ ಆದ, ಬೆರಳಿನ ತುದಿಯಷ್ಟು ಮಾಸ್‌ಫೆಟ್‌ನಿಂದ ಅದು ಆಗದ ಮಾತು. ಆ ಕೆಪಾಸಿಟರ್ ತೆಗೆದು ತುಂಬಾ ಚಿಕ್ಕದನ್ನು ಹಾಕಿ, ಚಿಪ್ ನೆಟ್ಟಗೆ ಏಳುತ್ತದಾ ನೋಡಿ, ಆಮೇಲೆ ಮುಂದುವರಿಯಿರಿ.

ಬ್ಲೂ ಪಿಲ್ ಬಗ್ಗೆ ಒಂದು ಎಚ್ಚರಿಕೆ. ಅಗ್ಗಕ್ಕೆ ಸಿಗುವ ಎಷ್ಟೋ ಬೋರ್ಡ್‌ಗಳಲ್ಲಿ ಇರುವುದು ಎಸ್‌ಟಿ ಕಂಪನಿಯ ಚಿಪ್ ಅಲ್ಲ, ಅದರ ನಕಲು. ಮೇಲೆ ಹೆಸರು ಮಾತ್ರ ಅದೇ ಇರುತ್ತದೆ. ಎಲ್‌ಇಡಿ ಮಿನುಗಿಸಲು ಯಾವುದಾದರೂ ಒಂದೇ. ಭದ್ರತೆಯ ಪರೀಕ್ಷೆಯಲ್ಲಿ ಒಳಗಿನ ಸಿಲಿಕಾನೇ ಮುಖ್ಯ, ನಕಲು ಚಿಪ್‌ನಲ್ಲಿ ಬಂದ ಫಲಿತಾಂಶವನ್ನು ಅಸಲಿಗೆ ಹೊಂದಿಸಲು ಬರುವುದಿಲ್ಲ. ಫಲಿತಾಂಶ ಬರೆದಿಡುವ ಉದ್ದೇಶ ಇದ್ದರೆ ಬಿಡಿ ಚಿಪ್ಪನ್ನು ನಂಬಿಕೆಯ ವಿತರಕರಿಂದ ತರಿಸಿ.

ಊನೋ ಇದ್ದರೆ ಚಿಪ್ಪನ್ನು ಬೇಸ್‌ನಿಂದ ಮೆಲ್ಲಗೆ ಎತ್ತಿ ಡಾಟ್ ಬೋರ್ಡ್‌ಗೆ ತನ್ನಿ. ಅಷ್ಟೇ.

ಅಡಾಪ್ಟರ್ ಮತ್ತು ಸಾಕೆಟ್

ಸಣ್ಣ ಕಾಲಿನ ಚಿಪ್ಪನ್ನು ಬರ್ಗ್ ಸ್ಟ್ರಿಪ್ (ಸಾಲು ಪಿನ್ನಿನ ಪಟ್ಟಿ) ಅಂತರಕ್ಕೆ ಹಿಗ್ಗಿಸುವ ಅಡಾಪ್ಟರ್ ಬೋರ್ಡ್ ಕಡಿಮೆ ಬೆಲೆಗೆ ಸಿಗುತ್ತದೆ. ಓದುವ ಕೆಲಸಕ್ಕೆ, ಸಾಧಾರಣ ಪವರ್ ಅಳತೆಗೆ ನಡೆಯುತ್ತದೆ. ಅಳತೆಯ ರೆಸಿಸ್ಟರನ್ನು ಆದಷ್ಟೂ ಅಡಾಪ್ಟರ್ ಮೇಲೆಯೇ, ಕಾಲಿನ ಬುಡದಲ್ಲೇ ಬೆಸೆಯಿರಿ. ಬರ್ಗ್ ಸ್ಟ್ರಿಪ್ ದಾಟಿದ ಮೇಲೆ ಹಾಕಿದರೆ ಎರಡು ಮೂರು ಸೆಂಟಿಮೀಟರ್ ಸುಮ್ನೆ ಸೇರಿಕೊಳ್ಳುತ್ತದೆ.

ಮುಚ್ಚಳ ಒತ್ತಿ ಚಿಪ್ ಹಿಡಿಸುವ ಟೆಸ್ಟ್ ಸಾಕೆಟ್ ಸಾವಿರಗಟ್ಟಲೆ ರೂಪಾಯಿಯ ವಸ್ತು. ಒಂದೇ ಮಾದರಿಯ ಹತ್ತಾರು ಚಿಪ್ ಬದಲಿಸಿ ಬದಲಿಸಿ ನೋಡಬೇಕಿದ್ದರೆ ಮಾತ್ರ ಕೊಳ್ಳಿ. ಗ್ಲಿಚ್ ಹುಡುಕಾಟದಲ್ಲಿ ಚಿಪ್ ಸಾಯುವುದು, ಲಾಕ್ ಆಗುವುದು ಸಾಮಾನ್ಯ, ಆಗ ಇದು ದೊಡ್ಡ ಉಪಕಾರಿ. ವಿದ್ಯುತ್ಕಾಂತ ಪ್ರೋಬ್ ಬಳಸುವವರಿಗೆ ಇದು ಆಗಿಬರುವುದಿಲ್ಲ. ಮುಚ್ಚಳ ಅಡ್ಡ ಬಂದು ಪ್ರೋಬ್ ಚಿಪ್‌ನ ಹತ್ತಿರಕ್ಕೇ ಹೋಗುವುದಿಲ್ಲ.

ಸ್ವಂತ ಪಿಸಿಬಿ ಯಾವಾಗ?

ಕ್ರಮಬದ್ಧವಾಗಿ ಗ್ಲಿಚ್ ಮಾಡಬೇಕು ಅಂದಾಗ. ಒಂದೇ ಪ್ರಯೋಗವನ್ನು ಬೇರೆಯವರೂ ಮಾಡಿ ನೋಡಬೇಕು ಅಂದಾಗ. ಕಾಲೇಜಿನಲ್ಲಿ ಒಂದು ಬ್ಯಾಚ್‌ಗೆ ಪ್ರಾಕ್ಟಿಕಲ್ ಮಾಡಿಸಬೇಕು ಅಂದಾಗ. ಇಪ್ಪತ್ತು ಮಕ್ಕಳಿಗೆ ಇಪ್ಪತ್ತು ಡಾಟ್ ಬೋರ್ಡ್ ಕೊಟ್ಟರೆ ಇಪ್ಪತ್ತು ಥರದ ಫಲಿತಾಂಶ ಬರುತ್ತದೆ. ಪಿಸಿಬಿಯಲ್ಲಿ ಎಲ್ಲರಿಗೂ ಒಂದೇ ದಾರಿ, ಒಂದೇ ಉದ್ದ.

ನಂಜನಗೂಡಿನಲ್ಲಿ ಎಟಿ ಅಂಡ್ ಎಸ್ ಕಂಪನಿಯ ದೊಡ್ಡ ಪಿಸಿಬಿ ಕಾರ್ಖಾನೆ ಇದೆ. ಮೈಸೂರಿನ ಪಕ್ಕದಲ್ಲೇ ಇಂಥ ಕೆಲಸ ನಡೆಯುತ್ತದೆ ಅಂತ ಮಕ್ಕಳಿಗೆ ಹೇಳಿದಾಗ ಅವರ ಕಣ್ಣು ಅರಳುತ್ತದೆ. ಅದು ಭಾರಿ ಪ್ರಮಾಣದ ತಯಾರಿಕೆ. ನಮ್ಮ ಐದು ಬೋರ್ಡ್‌ಗೆ ಆನ್‌ಲೈನ್‌ನಲ್ಲಿ ಆರ್ಡರ್ ತೆಗೆದುಕೊಳ್ಳುವ ಸಣ್ಣ ಫ್ಯಾಬ್‌ಗಳೇ ಸರಿ. ಡ್ರಾಯಿಂಗ್‌ಗೆ ಕಿಕ್ಯಾಡ್ ಇದೆ, ಉಚಿತ. ವಿದೇಶದಿಂದ ತರಿಸಿದರೆ ಕಸ್ಟಮ್ಸ್ ಖರ್ಚು ಮತ್ತು ಕಾಯುವ ದಿನಗಳನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ವಿನ್ಯಾಸದಲ್ಲಿ ನಾನು ಬಿಡದೆ ಪಾಲಿಸುವ ಕೆಲವು ವಿಷಯ ಹೇಳುತ್ತೇನೆ. ಎರಡು ಪದರ ಸಾಕು, ಕೆಳಗಿನದು ಪೂರ್ತಿ ಗ್ರೌಂಡ್. ಅದರಲ್ಲಿ ಗೆರೆ ಎಳೆದು ಸೀಳಬೇಡಿ. ಚಿಪ್‌ನ ಪ್ರತಿ ಪವರ್ ಪಿನ್‌ಗೂ ಬೇರೆ ಬೇರೆ ದಾರಿ ಕೊಟ್ಟು ಸೊನ್ನೆ ಓಮ್ ರೆಸಿಸ್ಟರ್‌ನಿಂದ ಸೇರಿಸಿ, ನಾಳೆ ಒಂದನ್ನೇ ಅಳೆಯಬೇಕು ಅನ್ನಿಸಿದರೆ ಕೀಳಬಹುದು. ಕೆಪಾಸಿಟರ್‌ಗೆ ಜಾಗ ಬಿಡಿ, ಬೆಸೆಯಬೇಡಿ. ಗ್ಲಿಚ್ ಮಾಡುವ ಮಾಸ್‌ಫೆಟ್ ಚಿಪ್‌ನ ಪವರ್ ಪಿನ್ನಿಗೆ ಅಂಟಿಕೊಂಡ ಹಾಗೇ ಇರಲಿ. ಐಆರ್‌ಎಲ್‌ಎಂಎಲ್2502 ಥರದ ಸಣ್ಣ ಭಾಗ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಅದಕ್ಕೆ ಸೂಚನೆ ಕೊಡಲು ರಾಸ್ಪ್‌ಬೆರಿ ಪೈ ಪಿಕೋ ಕೂಡ ಸಾಕಾಗುತ್ತದೆ. 125 ಮೆಗಾಹರ್ಟ್ಜ್‌ನಲ್ಲಿ ಓಡುವಾಗ ಅದು 8 ನ್ಯಾನೋಸೆಕೆಂಡ್ ಹೆಜ್ಜೆಯಲ್ಲಿ ಪಲ್ಸ್ ಕೊಡಬಲ್ಲದು. ಚಿಪ್ ಸುತ್ತ ಎರಡು ಸೆಂಟಿಮೀಟರ್‌ವರೆಗೆ ಎತ್ತರದ ಭಾಗ ಏನೂ ಇಡಬೇಡಿ, ಪ್ರೋಬ್ ಇಳಿಯಲು ಜಾಗ ಬೇಕು. ನಾಲ್ಕು ಮೂಲೆಗೆ ಸ್ಕ್ರೂ ತೂತು ಇರಲಿ. ಭಾಗಗಳಿಗೆ 0805 ಗಾತ್ರ ಆರಿಸಿ, ಕೈಯಲ್ಲಿ ಬೆಸೆಯಲು ಕಷ್ಟ ಆಗುವುದಿಲ್ಲ.

ಚಿಪ್‌ವಿಸ್ಪರರ್ ಮಾಡುವ ನ್ಯೂಎಇ ಕಂಪನಿಯ ಸಿಡಬ್ಲ್ಯೂ308 ಅನ್ನುವ ಬೋರ್ಡ್ ಇದೆ. ಕೆಳಗೆ ಒಂದು ದೊಡ್ಡ ಬೋರ್ಡ್, ಅದರ ಮೇಲೆ ಬೇಕಾದ ಚಿಪ್‌ನ ಸಣ್ಣ ಕಾರ್ಡ್ ಕೂರಿಸುವ ವ್ಯವಸ್ಥೆ. ತುಂಬಾ ಚೆನ್ನಾಗಿದೆ. ಕಾಲೇಜು ಅಥವಾ ಕಂಪನಿ ದುಡ್ಡು ಕೊಡುವುದಾದರೆ ಕೊಳ್ಳಿ. ಸ್ವಂತ ದುಡ್ಡಾದರೆ ಆ ಯೋಚನೆಯನ್ನು ಮಾತ್ರ ತೆಗೆದುಕೊಳ್ಳಿ. ಸಪ್ಲೈ, ಸೀರಿಯಲ್, ಕ್ಲಾಕ್ ಎಲ್ಲ ಒಂದು ಡಾಟ್ ಬೋರ್ಡ್‌ನಲ್ಲಿ ಖಾಯಂ ಇರಲಿ. ಚಿಪ್ ಮತ್ತು ಅಳತೆಯ ರೆಸಿಸ್ಟರ್ ಮಾತ್ರ ಸಣ್ಣ ಕಾರ್ಡ್‌ನಲ್ಲಿರಲಿ, ಬರ್ಗ್ ಸ್ಟ್ರಿಪ್‌ನಿಂದ ಮೇಲೆ ಕೂರಲಿ. ಹೊಸ ಚಿಪ್ ಬಂದರೆ ಹೊಸ ಕಾರ್ಡ್ ಮಾತ್ರ ಮಾಡಿದರೆ ಸಾಕು.

ನನ್ನನ್ನು ಕೇಳಿದರೆ

ಚಿಪ್ ಎಬ್ಬಿಸಲು, ಫ್ಲ್ಯಾಶ್ ಓದಲು ಬ್ರೆಡ್‌ಬೋರ್ಡ್. ಮೊದಲ ಸಲ ಪವರ್ ಅಳತೆ ಕಲಿಯುವವರಿಗೆ ಹಸಿರು ಡಾಟ್ ಬೋರ್ಡ್ ಮತ್ತು ಎಟಿಮೆಗಾ328ಪಿ, ಎರಡನೇ ಮಾತೇ ಇಲ್ಲ. ಎಸ್‌ಟಿಎಂ32 ಪವರ್ ಅಳತೆಗೆ ನ್ಯೂಕ್ಲಿಯೋ ತಂದು ಕೆಪಾಸಿಟರ್ ಕಿತ್ತು ನೋಡಿ. ಗ್ಲಿಚ್‌ಗೆ ಮೊದಲು ತಾಮ್ರದ ಹಾಳೆ, ವಿಷಯ ಕೈಗೆ ಹತ್ತಿದ ಮೇಲೆ ಪಿಸಿಬಿ. ನೇರ ಪಿಸಿಬಿಗೆ ಹಾರಬೇಡಿ. ಯಾವ ಪಿನ್‌ನಲ್ಲಿ ಏನು ಅಳೆಯಬೇಕು ಅಂತ ಗೊತ್ತಾಗುವ ಮೊದಲೇ ಮಾಡಿಸಿದ ಬೋರ್ಡ್ ಮೇಲೆ ಕೊನೆಗೆ ಜಂಪರ್ ವೈರ್ ಎಳೆಯಬೇಕಾಗುತ್ತದೆ.

ಪರೀಕ್ಷೆ ಮಾಡುವುದು ನಿಮ್ಮದೇ ಚಿಪ್, ನೀವೇ ಕೊಂಡ ಸಾಧನ, ಅಥವಾ ಮಾಲೀಕರು ಬರೆದು ಅನುಮತಿ ಕೊಟ್ಟ ಸಾಧನ ಆಗಿರಲಿ. ಅನುಮತಿ ಇಲ್ಲದೆ ಬೇರೆಯವರ ಸಾಧನಕ್ಕೆ ಕೈ ಹಾಕಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಅಡಿ ಕೇಸ್ ಆಗಬಹುದು, 3 ವರ್ಷದವರೆಗೆ ಜೈಲು ಇದೆ. ಮಾರುಕಟ್ಟೆಯಲ್ಲಿರುವ ಸಾಧನದಲ್ಲಿ ದೋಷ ಸಿಕ್ಕರೆ ಮೊದಲು ತಯಾರಕರಿಗೆ ತಿಳಿಸಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೂಡ ಇಂಥ ವರದಿಗಳನ್ನು ತೆಗೆದುಕೊಳ್ಳುತ್ತದೆ.

ಇನ್ನೊಂದು ಮಾತು, ಬೋರ್ಡ್ ಡಬ್ಬಿಗೆ ಹಾಕುವ ಮುಂಚೆ. ಅದರ ಬೆನ್ನಿಗೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆಯಿರಿ: ಯಾವ ಚಿಪ್, ಎಷ್ಟು ಓಮ್, ಯಾವ ಕೆಪಾಸಿಟರ್ ತೆಗೆದಿದೆ, ಫ್ಯೂಸ್ ಹೊರಗಿನ ಕ್ಲಾಕ್‌ಗಿದೆಯಾ ಒಳಗಿನದಕ್ಕಾ, ತಾರೀಖು. ಆರು ತಿಂಗಳಾದ ಮೇಲೆ ಅದೇ ಬೋರ್ಡ್ ಕೈಗೆ ಬಂದಾಗ ಮತ್ತೆ ಮಲ್ಟಿಮೀಟರ್ ಹಿಡಿದು ಹುಡುಕುವ ಪಾಡು ಇರುವುದಿಲ್ಲ. ಮಂಡ್ಯದ ಹುಡುಗ ಅವತ್ತು ರೈಲಿಗೆ ಹೊರಡುವ ಮುಂಚೆ ತನ್ನ ಬೋರ್ಡ್ ಮೇಲೆ ಇದಿಷ್ಟನ್ನೂ ಬರೆದುಕೊಂಡ. ಕೆಳಗೆ ಜಾಗ ಉಳಿದಿತ್ತು, ಅಲ್ಲಿ 47 ಟ್ರೇಸ್ ಅಂತ ಸೇರಿಸಿದ.